ಉಸ್ತುವಾರಿ ಸಚಿವರೇ, ಬಿಳಿಗಿರಿರಂಗನ ಬೆಟ್ಟದ ಗ್ರಾಮಸಭೆಗಳ ಜೊತೆ ಕೂತು ಮಾತಾಡಿ

ಚಾಮರಾಜನಗರ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ,

ಸಾರ್, 2025ರ ಏಪ್ರಿಲ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಕ್ಯಾಬಿನೆಟ್ ಮೀಟಿಂಗ್ ಆಯ್ತಲ್ಲ, ಇಡೀ ಸರ್ಕಾರ ಬೆಂಗಳೂರು ಬಿಟ್ಟು ಬೆಟ್ಟ ಹತ್ತಿ ಬಂದಿದ್ದು ನೋಡಿ ನಮ್ಮ ಜಿಲ್ಲೆಯವರಿಗೆ ನಿಜವಾಗ್ಲೂ ಖುಷಿ ಆಯ್ತು. ಅದಕ್ಕೇ ಕೇಳ್ತಿದ್ದೀನಿ, ಹಾಗೇ ಬಿಳಿಗಿರಿರಂಗನ ಬೆಟ್ಟಕ್ಕೂ ಬನ್ನಿ, ಗೆಸ್ಟ್ ಹೌಸಿಗಲ್ಲ, ಒಂದು ಪೋಡಿಗೆ, ಅಂದ್ರೆ ಸೋಲಿಗರ ಹಾಡಿಗೆ ಬನ್ನಿ. ಅಲ್ಲಿ ಈ ಕಾಡಿನ ಬುಡಕಟ್ಟು ಜನರಾದ ಸೋಲಿಗರ ಗ್ರಾಮಸಭೆ ಇದೆ, ಕಾಡಿನ ವಿಷಯದಲ್ಲಿ ಅದೂ ಒಂದು ಸರ್ಕಾರವೇ, ಅರಣ್ಯ ಹಕ್ಕು ಕಾಯ್ದೆಯೇ ಅದಕ್ಕೆ ಅಧಿಕಾರ ಕೊಟ್ಟಿದೆ.

1974ರಲ್ಲಿ ಈ ಬೆಟ್ಟ ಅಭಯಾರಣ್ಯ ಆದಾಗ ಸೋಲಿಗರ ಬೇಸಾಯ ನಿಂತಿತು, ಕಾಡೊಳಗಿದ್ದ ಪೋಡುಗಳು ಜಾಗ ಬಿಡಬೇಕಾಯ್ತು. ಆಮೇಲೆ 2002ರಲ್ಲಿ ವನ್ಯಜೀವಿ ಕಾಯ್ದೆ ತಿದ್ದುಪಡಿ ಆಗಿ ಜೇನು, ನೆಲ್ಲಿಕಾಯಿ, ಪಾಸಿ (ಮರದ ಮೇಲೆ ಬೆಳೆಯೋ ಕಲ್ಲುಹೂವು) ಕೊಯ್ದು ಮಾರೋದಕ್ಕೂ ತಡೆ ಬಿತ್ತು. 2011ರ ಜನವರಿಯಲ್ಲಿ ಹುಲಿ ಮೀಸಲು ಅಂತ ಘೋಷಣೆ ಆಯ್ತು, ಆದ್ರೆ ಅದೇ ವರ್ಷ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ, ಅಂದ್ರೆ ಊರವರೇ ಒಟ್ಟಾಗಿ ಕಾಡು ಬಳಸೋ, ನೋಡಿಕೊಳ್ಳೋ ಹಕ್ಕು ಸಿಕ್ತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು ಸಾರ್, ಇದು ನಮ್ಮ ಜಿಲ್ಲೆಯ ಹೆಮ್ಮೆ.

ಆದ್ರೆ ಹಕ್ಕುಪತ್ರ ಕೈಗೆ ಬಂದ್ರೂ ಜೊತೆಗೆ ಕೂರೋ ಅಭ್ಯಾಸ ಬರ್ಲಿಲ್ಲ. ಕಾಡಿನ ದೊಡ್ಡ ತೀರ್ಮಾನ ಎಲ್ಲ ಆಫೀಸಲ್ಲಿ ಆಗತ್ತೆ, ಪೋಡಿನ ಜನಕ್ಕೆ ಆಮೇಲೆ ಗೊತ್ತಾಗತ್ತೆ. ಗ್ರಾಮಸಭೆಯ ಸಮಿತಿ ಕಾಡಿನ ನಿರ್ವಹಣೆಗೆ ಪ್ಲಾನ್ ಮಾಡ್ಬೇಕು, ಅದನ್ನ ಅರಣ್ಯ ಇಲಾಖೆ ಪ್ಲಾನ್ ಜೊತೆ ಸೇರಿಸ್ಬೇಕು ಅಂತ ಅರಣ್ಯ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ನಿಯಮದಲ್ಲೇ ಇದೆ.

ಲಂಟಾನ ವಿಷಯವನ್ನೇ ತಗೊಳ್ಳಿ. ಬೆಟ್ಟದ ತುಂಬಾ ಹೊರಗಿಂದ ಬಂದ ಈ ಪೊದೆಗಿಡ ಹಬ್ಬಿಬಿಟ್ಟಿದೆ, ಅದರ ಕೆಳಗೆ ಹುಲ್ಲಿಲ್ಲ, ಹುಲ್ಲಿಲ್ಲ ಅಂದ್ರೆ ಜಿಂಕೆ ಕಡವೆಗೆ ಮೇವಿಲ್ಲ. ಹಿಂದೆ ಸೋಲಿಗರು ಬೇಸಿಗೆ ಶುರುವಲ್ಲಿ ತರಗು ಬೆಂಕಿ ಹಾಕೋರು, ನೆಲದ ಒಣಗಿದ ಎಲೆ ಮಾತ್ರ ಮೆಲ್ಲಗೆ ಸುಡತ್ತೆ, ಮರಕ್ಕೆ ಹತ್ತಲ್ಲ, ಲಂಟಾನದ ಸಸಿಗಳು ಸಾಯ್ತವೆ, ನೆಲ್ಲಿ ಮರಕ್ಕೆ ಹತ್ತೋ ಉಪ್ಪಿಲು (ಬಂದಳಿಕೆ) ಕೂಡ ಹಿಡಿತದಲ್ಲಿರತ್ತೆ ಅಂತ ಹಿರಿಯರು ಈಗಲೂ ಹೇಳ್ತಾರೆ. ಬೆಂಕಿ ಪೂರ್ತಿ ನಿಷೇಧ ಆದ್ಮೇಲೆ ತರಗು ರಾಶಿ ಬಿದ್ದು, ಹತ್ತಿಕೊಂಡ್ರೆ ದೊಡ್ಡ ಬೆಂಕಿಯೇ. ನಾಳೆಯಿಂದಲೇ ಬೆಂಕಿ ಹಾಕಿ ಅಂತ ನಾನು ಹೇಳ್ತಿಲ್ಲ, ಎಲ್ಲಿ ಯಾವಾಗ ಎಷ್ಟು ಅಂತ ಇಲಾಖೆ, ಸೋಲಿಗರು ಇಬ್ಬರೂ ಒಟ್ಟಿಗೆ ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿ ನೋಡಿ ಅಂತಿದ್ದೀನಿ. ಯಾವ ಕುಲದ ಯೆಲ್ಲೆ (ಕುಲಕ್ಕೆ ಸೇರಿದ ಕಾಡಿನ ಜಾಗ) ಎಲ್ಲಿಂದ ಎಲ್ಲಿವರೆಗೆ, ಯಾವ ಅಬ್ಬಿ (ನೀರಿನ ಒರತೆ), ಯಾವ ಕಲ್ಲುಗುಡಿ (ಹಿರಿಯರ ಸಮಾಧಿ ಕಲ್ಲು) ಎಲ್ಲಿದೆ ಅಂತ ಸೋಲಿಗರೇ ಮ್ಯಾಪ್ ಮಾಡಿಟ್ಟಿದ್ದಾರೆ, ಅದನ್ನ ಮುಂದಿಟ್ಟುಕೊಂಡು ಕೂತ್ರೆ ಅರ್ಧ ಕೆಲಸ ಆದಂಗೆ.

ಇದೆಲ್ಲ ಆಗೋ ಮಾತಾ ಅಂತ ಅನ್ನಿಸಬಹುದು. ಕೆನಡಾದ ವ್ಯಾಂಕೂವರ್ ಸುತ್ತಮುತ್ತ ಕುಡಿಯೋ ನೀರು, ಚರಂಡಿ, ಕಸ ಎಲ್ಲ ನೋಡಿಕೊಳ್ಳೋ ಪ್ರಾದೇಶಿಕ ಆಡಳಿತ ಇದೆ, ಮೆಟ್ರೋ ವ್ಯಾಂಕೂವರ್ ಅಂತ. 2009ರಲ್ಲಿ ಒಪ್ಪಂದ ಜಾರಿಗೆ ಬಂದಾಗಿಂದ ಅಲ್ಲಿನ ತ್ಸವಾಸನ್ ಅನ್ನೋ ಪುಟ್ಟ ಮೂಲನಿವಾಸಿ ಸಮುದಾಯದ ಸರ್ಕಾರ ಅದರ ಬೋರ್ಡಲ್ಲಿ ಬೇರೆ ನಗರಗಳ ಜೊತೆಗೇ ಕೂತು ವೋಟ್ ಹಾಕತ್ತೆ. ನಮ್ಮ ರಾಜ್ಯದಲ್ಲಿ ಸಂವಿಧಾನದ ಐದನೇ ಶೆಡ್ಯೂಲ್ ಪ್ರಕಾರ ಗುರುತಿಸಿದ ಬುಡಕಟ್ಟು ಪ್ರದೇಶ ಇಲ್ಲ, ಅಂಥ ಪ್ರದೇಶದ ಗ್ರಾಮಸಭೆಗಳಿಗೆ ಅಧಿಕಾರ ಕೊಡೋ ಪೆಸಾ ಕಾಯ್ದೆ ಅನ್ವಯ ಆಗಲ್ಲ, ಹಾಗಾಗಿ ಅರಣ್ಯ ಹಕ್ಕು ಕಾಯ್ದೆ ಕೊಟ್ಟಿರೋದನ್ನಾದ್ರೂ ಪೂರ್ತಿ ಬಳಸ್ಬೇಕು. ಆ ಕಾಯ್ದೆಯಡಿ ಹಕ್ಕಿನ ಅರ್ಜಿಗಳನ್ನ ತೀರ್ಮಾನಿಸೋ ಜಿಲ್ಲಾ ಸಮಿತಿಯಲ್ಲಿ ಜಿಲ್ಲಾ ಪಂಚಾಯ್ತಿಯ ಮೂವರು ಇರ್ಬೇಕು, ಅದರಲ್ಲಿ ಇಬ್ಬರಾದ್ರೂ ಎಸ್‌ಟಿ ಆಗಿರ್ಬೇಕು ಅಂತಿದೆ. 2021ರಲ್ಲಿ ಪಂಚಾಯ್ತಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಎಲೆಕ್ಷನ್ನೇ ನಡೀಲಿಲ್ಲ, ಆ ಕುರ್ಚಿಗಳಲ್ಲಿ ಸೋಲಿಗರ ಪರ ಮಾತಾಡೋರು ಯಾರು ಸಾರ್?

ನನ್ನ ಬೇಡಿಕೆ ಇಷ್ಟೇ. ಮೂರು ತಿಂಗಳಿಗೊಮ್ಮೆ ಡಿಸಿ, ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ), ಜಿಲ್ಲಾ ಪಂಚಾಯ್ತಿ ಸಿಇಒ ಮತ್ತೆ ಗ್ರಾಮಸಭೆಗಳು ಆರಿಸಿದ ಪ್ರತಿನಿಧಿಗಳು ಪೋಡಲ್ಲೇ ಸಭೆ ಮಾಡ್ಬೇಕು, ಕೂಲಿ ಬಿಟ್ಟು ಬರೋರಿಗೆ ಆ ದಿನದ ಭತ್ಯೆ ಕೊಡ್ಬೇಕು. ನಡಾವಳಿ ಕನ್ನಡದಲ್ಲಿ ಬರೆದು ಅಲ್ಲೇ ಓದಿ ಹೇಳ್ಬೇಕು, ಗ್ರಾಮಸಭೆ ಒಪ್ಪದೇ ಇದ್ರೆ ಯಾಕೆ ಒಪ್ಪಲಿಲ್ಲ ಅನ್ನೋದೂ ಅದರಲ್ಲಿ ದಾಖಲಾಗ್ಬೇಕು. ಮೊದಲ ಸಭೆಗೆ ನೀವೇ ಬಂದು ಕೂತ್ರೆ ಅಧಿಕಾರಿಗಳು ಎರಡನೇದಕ್ಕೆ ತಪ್ಪಿಸಿಕೊಳ್ಳಲ್ಲ. ಈ ಬೇಸಿಗೆಗೆ ಮುಂಚೆ ಒಂದು ದಿನ ಗೊತ್ತು ಮಾಡಿ ಸಾರ್.

ಇಂತಿ,
ನಿಮ್ಮ ಜಿಲ್ಲೆಯ ಒಬ್ಬ ಮತದಾರ