ಮೊದಲ ಬೈಕ್ ತೆಗೆಸಿಕೊಡುವ ಮುಂಚೆ

ಪ್ರೀತಿಯ ಹೆತ್ತವರೇ,

ಪ್ಲಸ್ ಟು ಪರೀಕ್ಷೆ ಮುಗಿಯಿತು. ಈಗ ಎಷ್ಟೋ ಮನೆಗಳಲ್ಲಿ ಒಂದೇ ಹಟ, ಬೈಕ್ ಬೇಕು. ಪೆರ್ಲ, ಮುಳ್ಳೇರಿಯ ಕಡೆಯ ಒಳದಾರಿಗಳಿಂದ ದಿನಾ ಕಾಲೇಜಿಗೆ ಹೋಗಿಬರುವುದು ಸುಲಭವಲ್ಲ, ನನಗೆ ಗೊತ್ತು. ಹಾಗಾಗಿ ಬೈಕೇ ಬೇಡ ಎನ್ನುವುದಿಲ್ಲ. ಆದರೆ ಯಾವ ಬೈಕ್ ಎಂಬುದನ್ನು ಮಕ್ಕಳ ಆಸೆಗೆ ಮಾತ್ರ ಬಿಡಬೇಡಿ. ಗಲ್ಫಿನಲ್ಲಿರುವ ಮಾವ ಪ್ರೀತಿಯಿಂದ ದೊಡ್ಡ ಬೈಕ್ ಕೊಡಿಸುತ್ತೇನೆ ಎಂದರೂ ಈಗ ಬೇಡ ಎನ್ನಿ.

ಕಾರಣ ಹೇಳುತ್ತೇನೆ. ಸ್ಪ್ಲೆಂಡರಿನ ಶಕ್ತಿ ಸುಮಾರು 8 ಪಿಎಸ್ (ಹಾರ್ಸ್‌ಪವರ್‌ನಂತೆ ಎಂಜಿನ್ ಶಕ್ತಿಯ ಅಳತೆ), 200 ಸಿಸಿ ಡ್ಯೂಕಿನದು ಸುಮಾರು 25. ಹೊಸಬರು ಗಾಬರಿಯಾದರೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾರೆ. ಆಗ ಗೊತ್ತಿಲ್ಲದೆ ಆಕ್ಸಿಲರೇಟರ್ ತಿರುಗುತ್ತದೆ. ಸಣ್ಣ ಎಂಜಿನ್ ಆದರೆ ಗಾಡಿ ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ದೊಡ್ಡದರಲ್ಲಿ ಆ ಸಮಯವೇ ಸಿಗುವುದಿಲ್ಲ. ಮೊದಲ ವರ್ಷಕ್ಕೆ 100ರಿಂದ 125 ಸಿಸಿ ಧಾರಾಳ ಸಾಕು.

ಶೋರೂಮಿಗೆ ಮಗನನ್ನೂ ಮಗಳನ್ನೂ ಕರೆದುಕೊಂಡೇ ಹೋಗಿ. ಸೀಟಿನಲ್ಲಿ ಕೂತಾಗ ಎರಡೂ ಪಾದ ನೆಲಕ್ಕೆ ಚೆನ್ನಾಗಿ ಊರಬೇಕು. ಗಾಡಿಯನ್ನು ತಾವೇ ಹಿಂದಕ್ಕೆ ತಳ್ಳಿ ತಿರುಗಿಸಲಿ. ಅಷ್ಟು ಆಗದಿದ್ದರೆ ಆ ಗಾಡಿ ಅವರಿಗೆ ಭಾರ ಜಾಸ್ತಿ.

ಬ್ರೇಕ್ ಬಗ್ಗೆ ಖಂಡಿತ ಕೇಳಿ. 2019ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ಗಾಡಿಗಳಲ್ಲಿ 125 ಸಿಸಿಗಿಂತ ಮೇಲಿನವಕ್ಕೆ ಎಬಿಎಸ್ ಕಡ್ಡಾಯ, ಅಂದರೆ ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ. ಅದಕ್ಕಿಂತ ಸಣ್ಣದರಲ್ಲಿ ಕನಿಷ್ಠ ಸಿಬಿಎಸ್ ಇರಬೇಕು, ಅಂದರೆ ಒಂದು ಬ್ರೇಕ್ ಹಿಡಿದರೆ ಎರಡೂ ಚಕ್ರಕ್ಕೆ ತಾಗಬೇಕು. ಹಳೆಯ ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಇವೆರಡೂ ಇಲ್ಲದಿರಬಹುದು. ನಮ್ಮ ಜೂನ್ ತಿಂಗಳ ಮೊದಲ ಮಳೆಗೆ ಡಾಂಬರಿನ ಮೇಲಿನ ಎಣ್ಣೆ, ಧೂಳು ಸೇರಿ ರಸ್ತೆ ಎಷ್ಟು ಜಾರುತ್ತದೆ ಅಂತ ನಿಮಗೇ ಗೊತ್ತಲ್ವಾ? ಸೆಕೆಂಡ್ ಹ್ಯಾಂಡ್ ತೆಗೆದರೆ ತಪ್ಪೇನಿಲ್ಲ, ಆದರೆ ಟಯರ್ ಸವೆದಿದ್ದರೆ ಅದೇ ದಿನ ಬದಲಿಸಿ. ಉಳಿದ ದುಡ್ಡಿನಲ್ಲಿ ಐಎಸ್ಐ ಗುರುತಿನ, ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ ತೆಗೆಯಿರಿ. ಪಟ್ಟಿ ಹಾಕದ ಹೆಲ್ಮೆಟ್‌ನಿಂದ ಪ್ರಯೋಜನವಿಲ್ಲ.

ಡ್ರೈವಿಂಗ್ ಪರೀಕ್ಷೆಯ ದಿನ ಮೈದಾನದಲ್ಲಿ ಎಂಟರ ಆಕಾರದಲ್ಲಿ ಗಾಡಿ ಓಡಿಸಿದರೆ ಲೈಸೆನ್ಸ್ ಸಿಗಬಹುದು. ತಲಪಾಡಿಯಿಂದ ಕಾಸರಗೋಡಿನವರೆಗೆ ಹೆದ್ದಾರಿ 66ರಲ್ಲಿ ಲಾರಿ ಪಕ್ಕದಲ್ಲಿ ಹೋಗುವುದು ಬೇರೆಯೇ ವಿಷಯ. ಮೊದಲ ಕೆಲವು ತಿಂಗಳು ಊರಿನ ರಸ್ತೆಯಲ್ಲೇ, ಹಗಲಲ್ಲೇ ಓಡಿಸಲಿ. ಹಿಂದೆ ಗೆಳೆಯರನ್ನು ಕೂರಿಸುವುದು ಬೇಡ.

18 ತುಂಬದವರ ಹೆತ್ತವರಿಗೆ ಇನ್ನೊಂದು ಮಾತು. ಪಕ್ಕದ ಅಂಗಡಿಗೆ ತಾನೇ ಎಂದು ಕೀಲಿ ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಇದಕ್ಕೆ ಹೆತ್ತವರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಗಾಡಿ ಆರಿಸುವ ಬಗ್ಗೆ ಮನೆಯಲ್ಲಿ ಮಾತು ಬೆಳೆದರೆ ಮಗುವನ್ನು ಕರೆದುಕೊಂಡು ಶಾಲೆಗೆ ಬನ್ನಿ. ಸಂಜೆ ನಾಲ್ಕರ ನಂತರ ಆಫೀಸಿನಲ್ಲಿ ಇರುತ್ತೇನೆ.

ನಿಮ್ಮ,
ಮುಖ್ಯೋಪಾಧ್ಯಾಯಿನಿ