ಎರೆಭೂತವನ್ನು ಹುಡುಕುವ ಮೊದಲು

ಕಲಬುರಗಿ

ಪ್ರೀತಿಯ ತಂಗಿ,

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್ಲಿನ ಚರಿತ್ರೆಯನ್ನು ನೀನು ನಮ್ಮ ಸೀಮೆಯ ಕಡೆಯಿಂದ ನೋಡಿ ಬರೆಯಲು ಹೊರಟಿರುವುದು ಬಹಳ ಸಂತೋಷದ ಸಂಗತಿ. ಆದರೆ ನಿನ್ನ ಕರಡಿನ ಮೊದಲ ಪುಟಗಳ ತುಂಬ ಸ್ಥಾಪಕರೇ ತುಂಬಿದ್ದಾರೆ. 1883ರ ಸೆಪ್ಟೆಂಬರ್ 15ರಂದು ಮುಂಬೈಯಲ್ಲಿ ಎಂಟು ಜನ ಸೇರಿ ಸಂಘ ಕಟ್ಟಿದರು; ಅವರಲ್ಲಿ ಆತ್ಮಾರಾಮ ಪಾಂಡುರಂಗ, ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯ ವೈದ್ಯರಿದ್ದರು. 1886ರ ಜನವರಿಯಲ್ಲಿ ಏಟ್ಕನ್ ಮತ್ತು ಸ್ಟರ್ನ್‌ಡೇಲ್ ಸಂಪಾದಕತ್ವದಲ್ಲಿ ಮೊದಲ ಸಂಚಿಕೆ ಬಂತು. ಇಷ್ಟಕ್ಕೆ ಒಂದು ಪ್ಯಾರಾ ಸಾಕು.

ಮೊದಲು ಒಂದು ರಿಜಿಸ್ಟರ್ ಹಾಕು. ಸಂಚಿಕೆಗೊಂದು ಸಾಲು: ಸಂಪುಟ, ಭಾಗ, ಹೊರಬಿದ್ದ ತಾರೀಖು, ಮೊದಲ ಮತ್ತು ಕೊನೆಯ ಪುಟಸಂಖ್ಯೆ, ಸಂಪಾದಕರು, ಮುದ್ರಣಾಲಯ, ಚಿತ್ರಪಟಗಳ ಎಣಿಕೆ. ತಾರೀಖಿನ ಕಾಲಂನಲ್ಲೇ ತೊಂದರೆ ಬರುವುದು. ಗ್ರಂಥಾಲಯದವರು ಸಂಪುಟ ಕಟ್ಟಿಸುವಾಗ ಬೈಂಡರ್ ಬಿಡಿ ಸಂಚಿಕೆಯ ಮುಖಪುಟ, ಜಾಹೀರಾತಿನ ಹಾಳೆ ಕಿತ್ತು ಹಾಕಿಬಿಡುತ್ತಾನೆ. ಆಗ ಉಳಿಯುವುದು ಸಂಪುಟದ ಶೀರ್ಷಿಕೆ ಪುಟದ ವರ್ಷ ಮಾತ್ರ. ಹೊಲಿಗೆಯ ಸಂದಿಯಲ್ಲಿ ಬಣ್ಣದ ಕಾಗದದ ತುಣುಕು ಸಿಕ್ಕಿಕೊಂಡಿದ್ದರೆ ಮುಖಪುಟ ಅಲ್ಲಿತ್ತು ಅಂತ ತಿಳಿ. ಇನ್ನೊಂದು ಗ್ರಂಥಾಲಯದ ಪ್ರತಿ ಹುಡುಕು. ತಾರೀಖು ಯಾಕೆ ಮುಖ್ಯ ಅಂದರೆ, ಹೊಸ ಜೀವಿಗೆ ಯಾರು ಮೊದಲು ಹೆಸರಿಟ್ಟರು ಎಂಬ ಹಕ್ಕು ಪ್ರಕಟಣೆಯ ದಿನದ ಮೇಲೆ ನಿಲ್ಲುತ್ತದೆ. ಬೇರೆ ಪುರಾವೆ ಇಲ್ಲದೆ ತಿಂಗಳಷ್ಟೇ ಗೊತ್ತಿದ್ದರೆ ಆ ತಿಂಗಳ ಕೊನೆಯ ದಿನ, ವರ್ಷವಷ್ಟೇ ಗೊತ್ತಿದ್ದರೆ ಡಿಸೆಂಬರ್ 31 ಎಂದು ಹಿಡಿಯುವುದು ಪ್ರಾಣಿಶಾಸ್ತ್ರದ ನಿಯಮ. ನಿನ್ನ ರಿಜಿಸ್ಟರಿನಲ್ಲಿ ಮಾತ್ರ ಹಾಗೆ ತುಂಬಬೇಡ, ಖಾಲಿ ಬಿಡು. ಊಹೆಯ ತಾರೀಖು ಒಮ್ಮೆ ಕಾಲಂ ಸೇರಿತೆಂದರೆ ಮುಂದಿನವರಿಗೆ ಅದೇ ಸಾಕ್ಷಿಯಾಗುತ್ತದೆ.

ನಮ್ಮ ಸೀಮೆಗೆ ಮುಖ್ಯವಾದದ್ದು ಸಲೀಂ ಅಲಿ ಅವರ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ. 36ನೆಯ ಸಂಪುಟದಲ್ಲಿ ಶುರುವಾಗಿ 37ರಲ್ಲಿ ಮುಂದುವರಿದು 1933–34ರಲ್ಲಿ ಕಂತುಕಂತಾಗಿ ಬಂತು. ಅದರಲ್ಲಿ ಇಂಗ್ಲಿಷ್ ಪಕ್ಷಿತಜ್ಞ ಹ್ಯೂ ವ್ಹಿಸ್ಲರ್ ಅವರ ಟಿಪ್ಪಣಿಗಳೂ ಇವೆ. ಯಾರ ಮಾತು ಯಾವುದು ಎಂದು ಬೇರ್ಪಡಿಸಿ ಬರೆ.

ಹಳೆಯ ಸಂಚಿಕೆಗಳಲ್ಲಿ ಹುಡುಕುವಾಗ ‘ಕಲಬುರಗಿ’, ‘ಯಾದಗಿರಿ ಜಿಲ್ಲೆ’ ಎಂದರೆ ಏನೂ ಸಿಗುವುದಿಲ್ಲ. ಗುಲ್ಬರ್ಗ ಎನ್ನು, ಸುರಪುರಕ್ಕೆ ಶೋರಾಪುರ ಎನ್ನು. ಸ್ಕ್ಯಾನ್ ಪ್ರತಿಯಲ್ಲಿ ಸಾಲಿನ ಕೊನೆಗೆ ಮುರಿದ ಪದವನ್ನು ಯಂತ್ರ ಹಿಡಿಯದೆ ಹೋಗಬಹುದು, ಅರ್ಧ ಪದ ಹಾಕಿಯೂ ನೋಡು. ಹಕ್ಕಿಗಳದ್ದೂ ಇದೇ ಪಾಡು. ನಮ್ಮ ಎರೆಹೊಲದ ಎರೆಭೂತದ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ, ವೈಜ್ಞಾನಿಕ ಹೆಸರು ಹಳೆಯ ಬರಹಗಳಲ್ಲಿ ಯೂಪೊಡೋಟಿಸ್ ಎಡ್ವರ್ಡ್ಸಿ, ಆಮೇಲೆ ಕೋರಿಯೋಟಿಸ್ ನೈಗ್ರಿಸೆಪ್ಸ್, ಈಗ ಆರ್ಡಿಯೋಟಿಸ್ ನೈಗ್ರಿಸೆಪ್ಸ್. ಒಂದೇ ಹೆಸರು ಹಿಡಿದು ಹೋದರೆ ‘ಇಲ್ಲಿ ಆ ಹಕ್ಕಿಯೇ ಇರಲಿಲ್ಲ’ ಎಂದು ಬರೆದುಬಿಡುತ್ತೀ. ಅಂಥ ತಪ್ಪು ನಿನ್ನ ಕೈಯಿಂದ ಆಗಬಾರದು.

ದೊಡ್ಡ ಲೇಖನ ಓದಿ ಸುಮ್ಮನಾಗಬೇಡ. ಸಂಚಿಕೆಯ ಹಿಂಬದಿಯ ಬಿಡಿ ಟಿಪ್ಪಣಿಗಳನ್ನು ಒಂದೂ ಬಿಡದೆ ಓದು. ಸಂಶೋಧಕರಲ್ಲದವರೂ ಕಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸಿದ ಜಾಗ ಅದು. ಜರ್ನಲ್ಲಿನ ಜೀವ ಇರುವುದೂ ಅಲ್ಲೇ ಎಂದು ನಾನು ನಂಬಿದ್ದೇನೆ.

ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬೇಡ, ಅಂಟು ಹಳದಿಗಟ್ಟಿ ಅಕ್ಷರ ನುಂಗುತ್ತದೆ. ಪೆನ್ನು ಚೀಲದಲ್ಲೇ ಇರಲಿ, ಪೆನ್ಸಿಲ್ ಹಿಡಿ. 36 ಮತ್ತು 37ರ ಸಾಲುಗಳು ತುಂಬಿದ ಮೇಲೆ ಕಳಿಸು, ಕೂತು ನೋಡೋಣ.

ನಿನ್ನ ಅಕ್ಕ