ಮಗಳಿಗೊಂದು ಪತ್ರ: ಸರಕಿನ ರೇಟು, ರಾಶಿ ರೇಟು

ಪುಟ್ಟೀ,

ಯೂನಿವರ್ಸಿಟಿ ಬಿಟ್ಟು ಪೇಪರ್ ಆಫೀಸಲ್ಲಿ ಅಂಕಿಅಂಶ (ಡೇಟಾ) ನೋಡೋ ಕೆಲಸಕ್ಕೆ ಸೇರ್ತೀನಿ ಅಂದಾಗಿಂದ ಅಮ್ಮ ಮುಖ ಊದಿಸ್ಕೊಂಡಿದಾಳೆ, ಪಿಎಚ್‌ಡಿ ಮಾಡಿದೋಳಿಗೆ ಪೇಪರ್‌ನೋರ ಹತ್ರ ಏನು ಕೆಲಸ ಅಂತ. ನೀನು ಹೇಳಿದ್ದನ್ನೇ ನಾನೂ ಹೇಳಿದೆ, ನ್ಯೂಯಾರ್ಕ್ ಟೈಮ್ಸಲ್ಲಿ ಚೀಫ್ ಡೇಟಾ ಸೈಂಟಿಸ್ಟ್ ಆದ ಕ್ರಿಸ್ ವಿಗಿನ್ಸ್ ಕೊಲಂಬಿಯಾ ಯೂನಿವರ್ಸಿಟಿಲಿ ಮೇಷ್ಟ್ರೂ ಹೌದಂತೆ ಕಣೇ ಅಂತ. "ಅದು ಅಮೆರಿಕ" ಅಂದ್ಲು. ಅಲ್ಲಿಗೆ ಮುಗೀತು.

ನಂಗೆ ಹೇಳ್ಬೇಕಿರೋದು ಬೇರೆ. ಟಿವೀಲಿ ಕೆಳಗಡೆ ಓಡುತ್ತಲ್ಲ, "ಶಿವಮೊಗ್ಗದಲ್ಲಿ ಅಡಿಕೆಗೆ ಬಂಪರ್ ಬೆಲೆ" ಅಂತ, ಅದು ಎಷ್ಟೋ ಸಲ 'ಸರಕು' ಅನ್ನೋ ದುಬಾರಿ ದರ್ಜೆ ಅಡಿಕೆಯ ರೇಟು ಮಾರಾಯ್ತಿ. ಸರಕು ಮಂಡಿಗೆ ಬರೋದೇ ಅಷ್ಟೋ ಇಷ್ಟೋ, ನಮ್ಮಂಥೋರ ಅಟ್ಟದಲ್ಲಿರೋದು ಅದಕ್ಕಿಂತ ಕಡಿಮೆ ರೇಟಿನ 'ರಾಶಿ' ದರ್ಜೆ, ಅದ್ರಲ್ಲೂ ಯಾವುದೋ ಒಂದು ಚೆಂದದ ಲಾಟಿಗೆ ಬಿದ್ದ ಗರಿಷ್ಠ ರೇಟೇ ದಪ್ಪಕ್ಷರದಲ್ಲಿ ಬರುತ್ತೆ, ಹೆಚ್ಚಿನ ಮಾಲು ಯಾವ ರೇಟಿಗೆ ಹೋಯ್ತು ಅನ್ನೋ ಮೋಡಲ್ ರೇಟು ಮೂಲೇಲಿ ಸಣ್ಣಕ್ಷರದಲ್ಲಿ ಬಿದ್ದಿರುತ್ತೆ. ಕೆಳಗಿನಮನೆ ಚಿಕ್ಕಪ್ಪ ಆ ದಪ್ಪಕ್ಷರ ನಂಬಿ ಪಿಕಪ್ ಬಾಡಿಗೆಗೆ ತಗೊಂಡು ಮೂಟೆ ಹೇರ್ಕೊಂಡು ಹೋಗಿ, ಟೆಂಡರ್ ಚೀಟೀಲಿ ತನ್ನ ಮಾಲಿಗೆ ಬಿದ್ದ ರೇಟು ನೋಡಿ ಅಲ್ಲೇ ಕೂತುಬಿಟ್ಟ. ಸುಳ್ಳು ಅಂತ ಯಾರೂ ಬರೆದಿರ್ಲಿಲ್ಲ ನೋಡು, ನಂಬರ್ ಸರೀನೇ ಇತ್ತು.

ಉಣ್ಣೆ ಕಚ್ಚಿ ಮಂಗಕ್ಕೂ ಮನುಷ್ಯರಿಗೂ ಬರೋ ಮಂಗನ ಕಾಯಿಲೆ ಲೆಕ್ಕನೂ ಹಂಗೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಸುಳಿವು ಕೊಟ್ಟಿದ್ದೇ ಸತ್ತ ಮಂಗಗಳು. ಈಗ್ಲೂ ಸತ್ತ ಮಂಗನ್ನ ಯಾರಾದ್ರೂ ನೋಡಿ ಆರೋಗ್ಯ ಇಲಾಖೆಗೆ ಹೇಳಿದ್ರೆ ತಾನೇ ಲೆಕ್ಕಕ್ಕೆ ಬರೋದು, ಒಳಕಾಡಲ್ಲಿ ಬಿದ್ದಿದ್ದು ನಿನ್ನ ಎಕ್ಸೆಲ್ ಶೀಟಲ್ಲಿ ಸೊನ್ನೆ. ಆ ಸೊನ್ನೆ ನೋಡಿ "ಈ ಸಲ ಕಾಯಿಲೆ ಇಲ್ಲ" ಅಂತ ಬರೆಯೋಕೆ ಮುಂಚೆ ಆ ಊರಿನ ಆಶಾ ಕಾರ್ಯಕರ್ತೆಗೊಂದು ಫೋನ್ ಹಾಕು. ಥೀಸಿಸ್ಸಲ್ಲಾದ್ರೆ ಡೇಟಾದಲ್ಲಿ ಏನೇನು ಬಿಟ್ಟುಹೋಗಿದೆ ಅಂತ ಪುಟಗಟ್ಟಲೆ ಬರೀಬಹುದಿತ್ತು, ಇಲ್ಲಿ ಸಂಜೆಯೊಳಗೆ ಒಂದೇ ಸಾಲಲ್ಲಿ ಹೇಳ್ಬೇಕು, ಆ ಸಾಲು ಮಾತ್ರ ಕತ್ತರಿಸೋಕೆ ಬಿಡ್ಬೇಡ.

ಇನ್ನೊಂದು, ಹೆಡ್‌ಲೈನ್ ಹಾಕೋ ಮುಂಚೆ ನಿಂಗೆ ತೋರಿಸ್ತಾರಾ ಅಂತ ಸೇರೋ ದಿನವೇ ಕೇಳ್ಕೋ. ನೀನು ಮೋಡಲ್ ರೇಟ್ ಕೊಟ್ಟು ಅವರು ಗರಿಷ್ಠದ್ದೇ ದಪ್ಪಗೆ ಹಾಕಿದ್ರೂ ಚಿಕ್ಕಪ್ಪ ಬೈಯೋದು ನಿನ್ನನ್ನೇ, ಕೆಳಗೆ ಹೆಸರಿರೋದು ನಿಂದಲ್ವಾ.

ಇಂತಿ,
ಅಪ್ಪಯ್ಯ